ಟೆಲಿ ಕಿಟ್ ಗಿಟಾರ್: ತಂತಿ ಹಿಡಿದರೂ ಗುಂಯ್ ಸದ್ದು ನಿಲ್ಲುತ್ತಿಲ್ಲ, ಒಂದು ಕಪ್ಪು ವೈರ್ ಉಳಿದಿದೆ

ರಾಯಚೂರಿನ ಹೊಸಬ

ಎಲ್ಲರಿಗೂ ನಮಸ್ಕಾರ. ಇದು ನಾನು ಜೋಡಿಸಿದ ಮೊದಲ ಗಿಟಾರ್. ಟೆಲಿಕಾಸ್ಟರ್ ಮಾದರಿಯ ಕಿಟ್. ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅದುರನ್ನು ಹಿಡಿದು ಆಂಪ್‌ಗೆ ಕಳಿಸುವ ಒಂಟಿ ಸುರುಳಿ), ನಾಲ್ಕು ಸ್ಕ್ರೂನಲ್ಲಿ ಕೂರುವ ನೆಕ್ (ಗಿಟಾರ್‌ನ ಕುತ್ತಿಗೆ). ಬಾಡಿಗೆ ನೀಲಿ ಬಣ್ಣ ಸ್ಪ್ರೇ ಮಾಡಿ, ಮಹಡಿ ಕೋಣೆಯಲ್ಲಿ ಎರಡು ವಾರ ಒಣಗಿಸಿದೆ. ಬಣ್ಣ ಚೆನ್ನಾಗಿ ಬಂದಿದೆ. ಬ್ರಿಡ್ಜಿನಿಂದ (ಬಾಡಿ ಮೇಲೆ ತಂತಿಗಳು ಕೂರುವ ಲೋಹದ ಭಾಗ) 12ನೇ ಫ್ರೆಟ್‌ಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಅಳೆದರೆ 324 ಮಿಲಿಮೀಟರ್ ಇದೆ, ಅದೂ ಸರಿ ಅಲ್ವಾ?

ತೊಂದರೆ ಸದ್ದಿನದ್ದು. ಆಂಪ್ ಹಾಕಿದ ಕೂಡಲೇ ಗುಂಯ್ ಅಂತ ಶುರುವಾಗುತ್ತದೆ. ತಂತಿ ಹಿಡಿದರೆ ಕಡಿಮೆಯಾಗುತ್ತದೆ ಅಂತ ಓದಿದ್ದೆ. ನನ್ನದರಲ್ಲಿ ತಂತಿ ಹಿಡಿದರೂ ಬಿಟ್ಟರೂ ಒಂದೇ. ಆದರೆ ಕೇಬಲ್ ಸಿಕ್ಕಿಸುವ ಜ್ಯಾಕ್‌ನ ಲೋಹದ ಭಾಗ ಮುಟ್ಟಿದರೆ ಸದ್ದು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಬೆರಳ ತುದಿಗೆ ಸ್ವಲ್ಪ ಜುಮ್ ಅನ್ನುತ್ತದೆ. ಎಲ್ಲಾ ಜೋಡಿಸಿದ ಮೇಲೆ ಸುಮಾರು ಒಂದು ಗೇಣು ಕಪ್ಪು ವೈರ್ ಉಳಿಯಿತು. ಕಿಟ್ ಜೊತೆ ಬಂದ ಕಾಗದದಲ್ಲಿ ಅದರ ಬಗ್ಗೆ ಏನೂ ಇಲ್ಲ. ಜಾಸ್ತಿ ಕೊಟ್ಟಿರಬೇಕು ಅಂದುಕೊಂಡು ಬಿಟ್ಟೆ. ಪಿಕಪ್ ಕೆಟ್ಟಿದೆಯಾ?

ಇನ್ನೊಂದು. ನೆಕ್ ಅಂಚಿನಲ್ಲಿ ಕೈ ಆಡಿಸಿದರೆ ಫ್ರೆಟ್ ತುದಿಗಳು ಚುಚ್ಚುತ್ತವೆ. ಕಿಟ್ ಬಂದ ದಿನ ಹೀಗಿರಲಿಲ್ಲ.

ಬಳ್ಳಾರಿ ಸೋಲ್ಡರ್

ಪಿಕಪ್ ಚೆನ್ನಾಗಿದೆ. ಆ ಕಪ್ಪು ವೈರ್ ಜಾಸ್ತಿ ಕೊಟ್ಟಿದ್ದಲ್ಲ, ಅದು ಬ್ರಿಡ್ಜ್ ಗ್ರೌಂಡ್, ಅಂದರೆ ಬ್ರಿಡ್ಜನ್ನೂ ತಂತಿಗಳನ್ನೂ ಜ್ಯಾಕ್‌ನ ಲೋಹಕ್ಕೆ ಸೇರಿಸುವ ವೈರ್. ಅದರ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಆಂಪ್ ಪ್ಲಗ್ ತೆಗೆಯಿರಿ.

ನೀವು ಬರೆದದ್ದರಲ್ಲಿ ನನಗೆ ಭಯ ಹುಟ್ಟಿಸಿದ್ದು ಆ "ಜುಮ್". ಸರಿಯಾದ ಅರ್ಥಿಂಗ್ ಇರುವ ಮನೆಯಲ್ಲಿ ಜ್ಯಾಕ್ ಮುಟ್ಟಿದರೆ ಏನೂ ಅನ್ನಿಸಬಾರದು. ಜ್ಯಾಕ್‌ನ ಲೋಹ ಕೇಬಲ್ ಮೂಲಕ ಆಂಪ್‌ನ ಡಬ್ಬಿಗೆ ಸೇರಿದೆ. ಡಬ್ಬಿ ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ ಮೂಲಕ ಭೂಮಿಗೆ ಸೇರಬೇಕು. ಆ ದಾರಿ ಎಲ್ಲೋ ಕಡಿದಿದೆ. ಈಗ ಬರೀ ಜುಮ್. ನಾಳೆ ಆಂಪ್ ಒಳಗೆ ಏನಾದರೂ ಕೆಟ್ಟರೆ 230 ವೋಲ್ಟ್ ನೇರ ಜ್ಯಾಕ್‌ನ ಲೋಹಕ್ಕೇ ಬರಬಹುದು. ಬ್ರಿಡ್ಜ್ ಗ್ರೌಂಡ್ ಹಾಕಿದರಂತೂ ಆರೂ ತಂತಿ ಆಂಪ್ ಡಬ್ಬಿಯ ಜೊತೆ ಒಂದಾಗುತ್ತವೆ. ಅದಕ್ಕೇ ಮನೆ ಅರ್ಥಿಂಗ್ ಮೊದಲು, ಆ ವೈರ್ ಆಮೇಲೆ. ಈ ಕ್ರಮ ತಪ್ಪಿಸಬೇಡಿ.

ಮೂರು ಪ್ರಶ್ನೆ. ಆಂಪ್ ಪ್ಲಗ್ಗಿಗೆ ಮೂರು ಪಿನ್ ಇದೆಯಾ? ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಳಸಿದ್ದೀರಾ? ನುಡಿಸುವಾಗ ಕಾಲಿಗೆ ಏನಿತ್ತು?

ರಾಯಚೂರಿನ ಹೊಸಬ

ಮೂರು ಪಿನ್ ಇದೆ. ಎಕ್ಸ್‌ಟೆನ್ಷನ್ ಇಲ್ಲ, ಗೋಡೆಯ ಸಾಕೆಟ್‌ಗೇ ಹಾಕಿದ್ದು. ಬರಿಗಾಲಲ್ಲಿದ್ದೆ. ನಮ್ಮದು ಶಹಾಬಾದ್ ಕಲ್ಲಿನ ನೆಲ, ಸೆಕೆಗೆ ಆಗಷ್ಟೇ ನೀರು ಹಾಕಿ ಒರೆಸಿದ್ದರು. ಆಂಪ್ ತೆಗೆದಿಟ್ಟಿದ್ದೇನೆ. ಹತ್ತಿರದ ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ, ನಾಳೆ ಬರುತ್ತಾರೆ.

ಬಳ್ಳಾರಿ ಸೋಲ್ಡರ್

ಒಳ್ಳೆಯದು. ಅವರಿಗೆ ಸಾಕೆಟ್‌ನಲ್ಲಿ ಮೂರು ಅಳತೆ ತೆಗೆಯಲು ಹೇಳಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಅಷ್ಟೇ. ಅರ್ಥಿಂಗ್ ವೈರ್ ಭೂಮಿಗೆ ಇಳಿಯುವ ಗುಂಡಿಯನ್ನೂ ನೋಡಲು ಹೇಳಿ. ನಮ್ಮ ಕಡೆ ಏಪ್ರಿಲ್, ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ಬಿರುಕು ಬಿಡುತ್ತದೆ. ಒಣ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಹಳಬರು ಬೇಸಿಗೆಯಲ್ಲಿ ಗುಂಡಿಗೆ ಬಿಂದಿಗೆ ನೀರು ಹಾಕುತ್ತಿದ್ದದ್ದು ಸುಮ್ನೆ ಅಲ್ಲ.

ಕೊಪ್ಪಳದ ಮರಗೆಲಸ

ಫ್ರೆಟ್ ಚುಚ್ಚುವುದಕ್ಕೂ ಅದೇ ಬಿಸಿಲು ಕಾರಣ. ತೇವ ಕಳೆದುಕೊಂಡ ಮರ ಅಗಲದಲ್ಲಿ ಕುಗ್ಗುತ್ತದೆ. ಲೋಹದ ಫ್ರೆಟ್ ಕುಗ್ಗುವುದಿಲ್ಲ, ತುದಿ ಹೊರಗೆ ಉಳಿಯುತ್ತದೆ. ಮಹಡಿ ಕೋಣೆಯಲ್ಲಿ ಎರಡು ವಾರ ಇಟ್ಟೆ ಅಂದಿರಲ್ಲ, ನೆಕ್ ಕೂಡ ಅಲ್ಲೇ ಇತ್ತಾ? ಈಗಲೇ ಅರ ಹಿಡಿಯಬೇಡಿ. ಕೆಳಗಿನ ಕೋಣೆಯಲ್ಲಿ ನಾಲ್ಕೈದು ವಾರ ಬಿಡಿ. ಮರ ಸ್ವಲ್ಪ ತೇವ ಹೀರಿಕೊಂಡರೆ ಎಷ್ಟೋ ಸರಿಹೋಗುತ್ತದೆ. ಆಮೇಲೂ ಚುಚ್ಚಿದರೆ ಮರಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಯವಾದ ಅರದಲ್ಲಿ ಫ್ರೆಟ್ ತುದಿಯನ್ನಷ್ಟೇ ಉಜ್ಜಿ.

ಟ್ರಸ್ ರಾಡ್‌ಗೂ (ನೆಕ್‌ನ ಬಾಗು ಸರಿಪಡಿಸುವ ಒಳಗಿನ ಸರಳು) ಈಗಲೇ ಕೈ ಹಾಕಬೇಡಿ. ಮೊದಲು ಅಳೆಯಿರಿ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಏಳೆಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ 0.25 ಮಿಲಿಮೀಟರ್ ಸುತ್ತಮುತ್ತ ಸಂದು ಇದ್ದರೆ ಸಾಕು. ತಿರುಗಿಸಲೇಬೇಕಾದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ.

ರಾಯಚೂರಿನ ಹೊಸಬ

ಹೌದು, ನೆಕ್ ಕೂಡ ಮಹಡಿ ಮೇಲೇ ಇತ್ತು. ಕೆಳಗೆ ತಂದಿದ್ದೇನೆ.

ಎಲೆಕ್ಟ್ರಿಷಿಯನ್ ಬಂದಿದ್ದರು. ಫೇಸ್-ನ್ಯೂಟ್ರಲ್ 228. ಫೇಸ್-ಅರ್ಥ್ ಮಾತ್ರ 110ರ ಸುತ್ತ ಕುಣಿಯುತ್ತಿತ್ತು. ಹಿತ್ತಲಿನ ಗುಂಡಿ ತೆಗೆದರೆ ಕ್ಲ್ಯಾಂಪ್ ತುಕ್ಕು ಹಿಡಿದು ವೈರ್ ಕಳಚಿಯೇ ಬಿದ್ದಿತ್ತು. ಮಣ್ಣು ಬೂದಿಯ ಹಾಗೆ ಒಣಗಿತ್ತು. ಹೊಸ ಕ್ಲ್ಯಾಂಪ್ ಹಾಕಿ, ಇದ್ದಿಲು, ಉಪ್ಪು ತುಂಬಿ, ನಾಲ್ಕು ಬಕೆಟ್ ನೀರು ಹೊಯ್ದರು. ಈಗ ಫೇಸ್-ಅರ್ಥ್ 226, ನ್ಯೂಟ್ರಲ್-ಅರ್ಥ್ 2. ಜ್ಯಾಕ್ ಮುಟ್ಟಿದರೆ ಜುಮ್ ಇಲ್ಲ. ನಮ್ಮ ಮನೆಯ ಫ್ರಿಡ್ಜ್, ಗ್ರೈಂಡರ್ ಎಲ್ಲವೂ ಇಷ್ಟು ದಿನ ಅದೇ ಅರ್ಥಿಂಗ್ ನಂಬಿಕೊಂಡಿದ್ದವು. ಅಮ್ಮ ಒದ್ದೆ ಕೈಯಲ್ಲಿ ಗ್ರೈಂಡರ್ ಹಾಕುವುದು ನೆನೆಸಿಕೊಂಡರೆ ಎದೆ ಧಸಕ್ ಅನ್ನುತ್ತದೆ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ಬಳ್ಳಾರಿ ಸೋಲ್ಡರ್

ಇದನ್ನು ಓದಿ ನನಗೇ ನಿರಾಳವಾಯಿತು. ಮನೆಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಅದನ್ನೂ ಹಾಕಿಸಿ.

ಈಗ ಕಪ್ಪು ವೈರ್. ನಿಮ್ಮ ಮೈ ಮನೆಯ ವೈರಿಂಗ್‌ನ 50 ಹರ್ಟ್ಸ್ ಸದ್ದನ್ನು ಆಂಟೆನಾ ಹಾಗೆ ಹಿಡಿದು ಪಿಕಪ್‌ಗೆ ಕೊಡುತ್ತದೆ. ತಂತಿ ಗ್ರೌಂಡ್ ಆಗಿದ್ದರೆ, ಅದನ್ನು ಹಿಡಿದ ಕೂಡಲೇ ಮೈಯೂ ಗ್ರೌಂಡ್ ಆಗುತ್ತದೆ, ಸದ್ದು ಇಳಿಯುತ್ತದೆ. ಜ್ಯಾಕ್ ಮುಟ್ಟಿದಾಗ ಆಗಿದ್ದೂ ಅದೇ. ಕೆಲವು ಟೆಲಿ ಪಿಕಪ್‌ಗಳ ಅಡಿಯಲ್ಲಿ ಲೋಹದ ತಗಡು ಇರುತ್ತದೆ, ಅದು ಸ್ಕ್ರೂ ಮೂಲಕ ಬ್ರಿಡ್ಜನ್ನು ಗ್ರೌಂಡ್ ಮಾಡುತ್ತದೆ. ಕಿಟ್ ಪಿಕಪ್‌ಗಳಲ್ಲಿ ತಗಡು ಇಲ್ಲದಿದ್ದರೆ ಈ ವೈರ್ ಬೇಕೇ ಬೇಕು.

ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ (ಎರಡು ತುದಿ ನಡುವೆ ಸಂಪರ್ಕ ಇದ್ದರೆ ಬೀಪ್ ಅನ್ನುತ್ತದೆ) ಹಾಕಿ, ಒಂದು ತುದಿ ತಂತಿಗೆ, ಇನ್ನೊಂದು ಜ್ಯಾಕ್ ಹೊರಮೈಗೆ ಇಡಿ. ಬೀಪ್ ಬರುವುದಿಲ್ಲ ನೋಡಿ. ಆಮೇಲೆ ತಂತಿ ಸಡಿಲಿಸಿ, ಬ್ರಿಡ್ಜ್‌ನ ನಾಲ್ಕು ಸ್ಕ್ರೂ ಬಿಚ್ಚಿ. ವಾಲ್ಯೂಮ್, ಟೋನ್ ಕಂಟ್ರೋಲ್ ಕೂರುವ ಹಳ್ಳದಿಂದ ಬ್ರಿಡ್ಜ್ ಅಡಿಗೆ ಸಣ್ಣ ತೂತು ಇರಬೇಕು, ಹುಡುಕಿ.

ರಾಯಚೂರಿನ ಹೊಸಬ

ಸಿಕ್ಕಿತು! ತೂತಿನ ಬಾಯಿಗೆ ನನ್ನ ನೀಲಿ ಬಣ್ಣವೇ ಪೊರೆ ಕಟ್ಟಿತ್ತು. ಟಾರ್ಚ್ ಓರೆ ಹಿಡಿದಾಗ ಚಿಕ್ಕ ತಗ್ಗು ಕಂಡಿತು. ಗೋಣಿ ಹೊಲಿಯುವ ದಬ್ಬಳದಲ್ಲಿ ಚುಚ್ಚಿದೆ, ತಟ್ ಅಂತ ಒಡೆಯಿತು. ವೈರ್ ತೂರಿಸಿ, ಈ ಕಡೆ ಎರಡು ಸೆಂಟಿಮೀಟರ್ ಸುಲಿದು, ಎಳೆಗಳನ್ನು ಬೀಸಣಿಗೆ ಥರ ಹರಡಿ ಬ್ರಿಡ್ಜ್ ಅಡಿಗೆ ಇಟ್ಟು ಸ್ಕ್ರೂ ಬಿಗಿದೆ. ಆ ಕಡೆಯ ತುದಿ ವಾಲ್ಯೂಮ್ ಪಾಟ್ (ವಾಲ್ಯೂಮ್ ತಿರುಗಿಸುವ ಬಿಡಿಭಾಗ) ಬೆನ್ನಿಗೆ ತಾನೆ? ನನ್ನ 25 ವ್ಯಾಟ್ ಸೋಲ್ಡರಿಂಗ್ ಐರನ್‌ನಲ್ಲಿ ಸೋಲ್ಡರ್ ಅಲ್ಲಿ ಗೋಲಿಯ ಹಾಗೆ ಉರುಳಿ ಬೀಳುತ್ತಿದೆ.

ಬಳ್ಳಾರಿ ಸೋಲ್ಡರ್

ಪಾಟ್ ಬೆನ್ನಿಗೇ. ಅಷ್ಟು ಲೋಹ ಬಿಸಿಯಾಗಲು 25 ಸಾಲದು. 40 ಅಥವಾ 60 ವ್ಯಾಟ್ ಐರನ್ ಯಾರ ಹತ್ತಿರವಾದರೂ ತನ್ನಿ, ದಪ್ಪ ಮೂತಿ ಇರಲಿ. ಪಾಟ್ ಬೆನ್ನನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ತನ್ನಿ, ಫ್ಲಕ್ಸ್ ಹಚ್ಚಿ. ಸೋಲ್ಡರ್ ಹರಡಿ ಅಂಟಿಕೊಂಡ ಕೂಡಲೇ ಐರನ್ ತೆಗೆಯಿರಿ. ಐದಾರು ಸೆಕೆಂಡ್ ಮೀರಿದರೆ ಪಾಟ್ ಒಳಗೆ ಸುಡಬಹುದು.

ರಾಯಚೂರಿನ ಹೊಸಬ

ಮೊಬೈಲ್ ರಿಪೇರಿ ಅಂಗಡಿಯ ಗೆಳೆಯನ 60 ವ್ಯಾಟ್ ತಂದೆ. ಮೂರು ಸೆಕೆಂಡಿನಲ್ಲಿ ಹಿಡಿಯಿತು. ಆರೂ ತಂತಿಗೆ ಬೀಪ್ ಬಂತು. ಆಂಪ್ ಹಾಕಿ, ತಂತಿ ಮೇಲೆ ಅಂಗೈ ಇಟ್ಟೆ. ಸದ್ದು ಹೋಯಿತು! ಫ್ಯಾನ್ ತಿರುಗುವುದು ಕೇಳಿಸಿತು.

ಟ್ಯೂಬ್‌ಲೈಟ್ ಕಡೆ ತಿರುಗಿದರೆ ಸ್ವಲ್ಪ ಗುಂಯ್ ಅನ್ನುತ್ತದೆ, ಅದು ಸಿಂಗಲ್ ಕಾಯಿಲ್ ಗುಣವಾ? ಮತ್ತೆ 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅಲ್ಲಿಯ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ಮೀಟಿದಾಗ ಬರುವ ಸ್ವರ) ಏರಿದೆ.

ಕೊಪ್ಪಳದ ಮರಗೆಲಸ

ಹೌದು, ಅದು ಸಿಂಗಲ್ ಕಾಯಿಲ್‌ನ ಗುಣ. ಸ್ವಲ್ಪ ಓರೆಯಾಗಿ ಕೂತರೆ ಕಡಿಮೆಯಾಗುತ್ತದೆ. ಸ್ವರ ಏರಿದ್ದರೆ ಆ ತಂತಿಯ ಸ್ಯಾಡಲನ್ನು (ಬ್ರಿಡ್ಜ್ ಮೇಲೆ ತಂತಿ ಕೂರುವ ಸರಿಸಬಹುದಾದ ತುಂಡು) ನೆಕ್‌ನಿಂದ ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ಪ್ರತಿ ಸಲ ಮತ್ತೆ ಶ್ರುತಿ ಮಾಡಿಯೇ ನೋಡಿ. ಹೊಸ ತಂತಿ ಹಾಕಿ ಮಾಡಿ, ಹಳೆಯದರಲ್ಲಿ ಲೆಕ್ಕ ಸರಿ ಬರುವುದಿಲ್ಲ.