ವೆಬ್ ಕಂಡ ಹಳೇ ಗ್ಯಾಲಕ್ಸಿಗಳ ಕಾಲ ಹೇಗೆ ಗೊತ್ತಾಗುತ್ತೆ? ಬಿಗ್ ಬ್ಯಾಂಗ್ ನಿಜಕ್ಕೂ ತಪ್ಪಾ?

ಕತ್ತಲೆಕೋಣೆ:
ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ತಲೇಲಿ ಕೊರೀತಿರೋ ಪ್ರಶ್ನೆ ಇದು. ಜೇಮ್ಸ್ ವೆಬ್ ಟೆಲಿಸ್ಕೋಪ್ ಮಾಮ್-ಝಡ್14 ಅನ್ನೋ ಗ್ಯಾಲಕ್ಸಿ ಕಂಡುಹಿಡಿದಿದೆ, ಬಿಗ್ ಬ್ಯಾಂಗ್ ಆಗಿ ಬರೀ 28 ಕೋಟಿ ವರ್ಷಕ್ಕೇ ಅದು ಬೆಳಗ್ತಾ ಇತ್ತು ಅಂತ ಓದ್ದೆ. ಫೋಟೋ ನೋಡಿದ್ರೆ ಹುಡುಕಿ ಹುಡುಕಿ ಕಾಣೋ ಒಂದು ಚುಕ್ಕೆ ಅಷ್ಟೇ. ಒಂದು ಚುಕ್ಕೆ ನೋಡಿ ಇದು 28 ಕೋಟಿ ವರ್ಷದ್ದು, 30 ಕೋಟಿ ವರ್ಷದ್ದಲ್ಲ ಅಂತ ಹೇಗೆ ಹೇಳ್ತಾರೆ? ಇನ್ನೊಂದು ವಿಷಯ, ಇವು ಲೆಕ್ಕಕ್ಕಿಂತ ತುಂಬಾ ಹೊಳೀತಿವೆ, ಅಷ್ಟು ಬೇಗ ಅಷ್ಟೊಂದು ನಕ್ಷತ್ರ ಹುಟ್ಟೋಕೆ ಸಾಧ್ಯ ಇಲ್ಲ, ಹಾಗಾಗಿ ಬಿಗ್ ಬ್ಯಾಂಗೇ ಸುಳ್ಳು ಅಂತ ಎಷ್ಟೋ ವಿಡಿಯೋಗಳಲ್ಲಿ ಹೇಳ್ತಿದಾರೆ. ನಂಗೆ ಫಿಸಿಕ್ಸ್ ಪಿಯುಸಿವರೆಗೆ ಅಷ್ಟೇ, ಆದ್ರೆ ಸರಿಯಾಗಿ ಅರ್ಥ ಮಾಡ್ಕೋಬೇಕು ಅಂತ ತುಂಬಾ ಆಸೆ ಇದೆ. ಗೊತ್ತಿರೋರು ಬಿಡಿಸಿ ಹೇಳಿ ಪ್ಲೀಸ್.

ಧ್ರುವನೋಟ:
ಒಳ್ಳೇ ಪ್ರಶ್ನೆ ಸರ್. ಮೊದಲ ಅರ್ಧಕ್ಕೆ ನಾನು ಉತ್ತರ ಕೊಡ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಕಾಲ ಗೊತ್ತಾಗೋದು ಫೋಟೋದಿಂದ ಅಲ್ಲ, ಸ್ಪೆಕ್ಟ್ರಮ್‌ನಿಂದ, ಅಂದ್ರೆ ಆ ಚುಕ್ಕೆಯ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿಟ್ಟ ಪಟ್ಟಿಯಿಂದ. ಆ ಕಾಲದಲ್ಲಿ ಗ್ಯಾಲಕ್ಸಿಗಳ ನಡುವೆ ಎಲ್ಲೆಲ್ಲೂ ಹೈಡ್ರೋಜನ್ ಅನಿಲ ತುಂಬಿತ್ತು, ಅದು 0.1216 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಚಿಕ್ಕ ತರಂಗದ ಬೆಳಕನ್ನ ಪೂರ್ತಿ ನುಂಗಿಬಿಡುತ್ತೆ. ಹಾಗಾಗಿ ಪಟ್ಟಿಯಲ್ಲಿ ಒಂದು ಜಾಗದ ತನಕ ಏನೂ ಇರಲ್ಲ, ಆಮೇಲೆ ಗೋಡೆ ಎದ್ದ ಹಾಗೆ ಬೆಳಕು ಶುರುವಾಗುತ್ತೆ. ಮಾಮ್-ಝಡ್14ರಲ್ಲಿ ಆ ಗೋಡೆ ಇರೋದು ಸುಮಾರು 1.88 ಮೈಕ್ರಾನ್ ಹತ್ತಿರ. 1.88ನ್ನ 0.1216ರಿಂದ ಭಾಗಿಸಿ ನೋಡಿ, ಹೆಚ್ಚುಕಮ್ಮಿ 15.4 ಬರುತ್ತೆ. ವಿಶ್ವ ಹಿಗ್ಗಿದ ಹಾಗೆ ಬೆಳಕಿನ ತರಂಗವೂ ಹಿಗ್ಗುತ್ತೆ, ಅಂದ್ರೆ ಆ ಬೆಳಕು ಹೊರಟ ಮೇಲೆ ವಿಶ್ವ ಅಷ್ಟು ಪಟ್ಟು ಹಿಗ್ಗಿದೆ. ಅದರಲ್ಲಿ ಒಂದು ಕಳೆದ್ರೆ ರೆಡ್‌ಶಿಫ್ಟ್, ಪ್ರಕಟ ಆಗಿರೋದು 14.44. ಆಮೇಲೆ ವಿಶ್ವ ಯಾವ ವೇಗದಲ್ಲಿ ಹಿಗ್ಗಿತು ಅನ್ನೋ ಲೆಕ್ಕ ಹಾಕಿದ್ರೆ 28 ಕೋಟಿ ವರ್ಷ ಬರುತ್ತೆ. ಹಬಲ್ ಟೆಲಿಸ್ಕೋಪ್‌ಗೆ ಇದು ಯಾಕೆ ಆಗ್ಲಿಲ್ಲ ಅಂದ್ರೆ ಅದರ ಕಣ್ಣು 1.7 ಮೈಕ್ರಾನ್‌ಗೇ ನಿಂತುಹೋಗುತ್ತೆ, ಈ ಗೋಡೆ ಅದರ ಆಚೆ ಇದೆ.

ಫೋಟೋ ಮಾತ್ರ ನಂಬಿದ್ರೆ ಏನಾಗುತ್ತೆ ಅನ್ನೋದಕ್ಕೂ ಒಂದು ಉದಾಹರಣೆ ಇದೆ. 2022ರಲ್ಲಿ ಸೀರ್ಸ್-93316 ಅನ್ನೋ ಚುಕ್ಕೆಗೆ ಬೇರೆ ಬೇರೆ ಫಿಲ್ಟರ್‌ಗಳ ಫೋಟೋ ನೋಡಿ ರೆಡ್‌ಶಿಫ್ಟ್ 16 ಅಂತ ಅಂದಾಜು ಮಾಡಿದ್ರು, ಆಗ ಅದೇ ದಾಖಲೆ. ಮುಂದಿನ ವರ್ಷ ಸ್ಪೆಕ್ಟ್ರಮ್ ತೆಗೆದಾಗ ಬಂದಿದ್ದು 4.9! ಅಂದ್ರೆ ತುಂಬಾ ಈಚಿನದು. ಅದರ ಧೂಳು ಮತ್ತು ಬಿಸಿ ಅನಿಲದ ಹೊಳಪು ಸೇರಿ ಫಿಲ್ಟರ್‌ಗಳಲ್ಲಿ ಆ ಗೋಡೆಯ ಥರಾನೇ ಕಂಡಿತ್ತು. ಅದೇ ಸಲ ಪರೀಕ್ಷೆ ಮಾಡಿದ ಮೇಸೀಸ್ ಗ್ಯಾಲಕ್ಸಿ ಮಾತ್ರ 11.4 ಅಂತ ಗಟ್ಟಿಯಾಯ್ತು. ಹಾಗಾಗಿ ಸುದ್ದಿ ಓದುವಾಗ ಸ್ಪೆಕ್ಟ್ರಮ್ ಇದ್ಯಾ ಅಂತ ಮೊದಲು ನೋಡಿ, ಇಲ್ಲ ಅಂದ್ರೆ ಆ ಸಂಖ್ಯೆ ಇನ್ನೂ ಅಂದಾಜು ಅಷ್ಟೇ.

ಸ್ವಾತಿಮಳೆ:
ಧ್ರುವನೋಟ ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಗೋಡೆಯ ಅಂಚೂ ಸ್ವಲ್ಪ ಮಸುಕಾಗಿರುತ್ತೆ, ಗ್ಯಾಲಕ್ಸಿ ಸುತ್ತ ಹೈಡ್ರೋಜನ್ ದಟ್ಟವಾಗಿದ್ರೆ ಅಂಚು ಸರಿದು ಕಾಣುತ್ತೆ. ಜೇಡ್ಸ್-ಜಿಎಸ್-ಝಡ್14-0 ಅನ್ನೋ ಇನ್ನೊಂದು ಗ್ಯಾಲಕ್ಸಿಗೆ 2024ರಲ್ಲಿ ವೆಬ್ ಕೊಟ್ಟ ರೆಡ್‌ಶಿಫ್ಟ್ 14.32. ಮರುವರ್ಷ ಆಲ್ಮಾ ರೇಡಿಯೋ ಟೆಲಿಸ್ಕೋಪ್‌ನಲ್ಲಿ ಅದೇ ಗ್ಯಾಲಕ್ಸಿಯ ಆಕ್ಸಿಜನ್ ಗೆರೆ, ಅಂದ್ರೆ ಆಕ್ಸಿಜನ್ ಒಂದು ನಿಗದಿತ ತರಂಗದಲ್ಲಿ ಸೂಸೋ ಬೆಳಕು, ಸಿಕ್ತು. 88 ಮೈಕ್ರಾನ್‌ನಲ್ಲಿ ಹೊರಟ ಗೆರೆ 1.34 ಮಿಲಿಮೀಟರ್ ಆಗಿ ಬಂದು ತಲುಪಿತ್ತು. ಗೆರೆ ಅಂದ್ರೆ ಚೂಪಾಗಿರುತ್ತೆ, ಅದರಿಂದ 14.18 ಅಂತ ಖಚಿತವಾಯ್ತು. ಸ್ವಲ್ಪ ಬದಲಾಯ್ತು, ಆದ್ರೆ ಕಥೆ ಬದಲಾಗ್ಲಿಲ್ಲ.

ನಂಗೆ ಮೈ ಝುಮ್ ಅನ್ಸಿದ್ದು ಆ ಆಕ್ಸಿಜನ್ನೇ. ಬಿಗ್ ಬ್ಯಾಂಗ್‌ನಲ್ಲಿ ಆಕ್ಸಿಜನ್ ಹುಟ್ಟಲ್ಲ, ಅದು ನಕ್ಷತ್ರದ ಹೊಟ್ಟೇಲಿ ಬೇಯಬೇಕು, ಆ ನಕ್ಷತ್ರ ಸಿಡಿದು ಸಾಯ್ಬೇಕು. ಅಂದ್ರೆ ವಿಶ್ವಕ್ಕೆ 30 ಕೋಟಿ ವರ್ಷ ಆಗೋ ಹೊತ್ತಿಗೆ ಅಲ್ಲಿ ಒಂದು ತಲೆಮಾರಿನ ದೊಡ್ಡ ನಕ್ಷತ್ರಗಳು ಹುಟ್ಟಿ ಬದುಕಿ ಸತ್ತೂ ಆಗಿತ್ತು.

ರೋಹಿಣಿಶಕಟ:
ಎರಡನೇ ಅರ್ಧಕ್ಕೆ ನಾನು ಬರೀತೀನಿ, ಯಾಕಂದ್ರೆ ಈ "ಬಿಗ್ ಬ್ಯಾಂಗ್ ಸುಳ್ಳು" ಅನ್ನೋದನ್ನ ಕೇಳಿದಾಗೆಲ್ಲಾ ನಂಗೆ ಬೇಜಾರಾಗುತ್ತೆ, ಕಲಿಯೋ ಆಸೆ ಇರೋರನ್ನ ಅದು ದಾರಿ ತಪ್ಪಿಸುತ್ತೆ.

ಬಿಗ್ ಬ್ಯಾಂಗ್ ನಿಂತಿರೋದು ಎಲ್ಲಾ ದಿಕ್ಕಿನಿಂದ ಬರೋ ಮೈಕ್ರೋವೇವ್ ಹಿನ್ನೆಲೆ ಬೆಳಕು, ಹೈಡ್ರೋಜನ್ ಹೀಲಿಯಂ ಪ್ರಮಾಣ, ವಿಶ್ವ ಹಿಗ್ಗುತ್ತಿರೋದು, ಇವುಗಳ ಮೇಲೆ. ವೆಬ್ ಅಲ್ಲಾಡಿಸಿರೋದು ಬೇರೆ ಒಂದು ಲೆಕ್ಕವನ್ನ, ಅನಿಲದಿಂದ ನಕ್ಷತ್ರ ಎಷ್ಟು ಬೇಗ ಆಗುತ್ತೆ ಅನ್ನೋದನ್ನ. ನಾವು ಅಳೆಯೋದು ಹೊಳಪನ್ನ, ತೂಕವನ್ನಲ್ಲ. ಇಷ್ಟು ಹೊಳಪಿದೆ ಅಂದ್ರೆ ಇಷ್ಟು ನಕ್ಷತ್ರ ಇರ್ಬೇಕು ಅಂತ ಹೇಳುವಾಗ ನಡುವೆ ಒಂದಷ್ಟು ಊಹೆ ಇರುತ್ತೆ. ನಕ್ಷತ್ರ ಒಂದೇ ಸಮ ಹುಟ್ಟದೆ ಆಗಾಗ ಒಟ್ಟೊಟ್ಟಿಗೆ ಹುಟ್ಟಿದ್ರೆ ಆ ಹೊತ್ತಿಗೆ ಗ್ಯಾಲಕ್ಸಿ ಜಗ್ಗನೆ ಹೊಳೆಯುತ್ತೆ. ಧೂಳು ಕಮ್ಮಿ ಇದ್ರೆ, ದೊಡ್ಡ ನಕ್ಷತ್ರಗಳ ಪಾಲು ಜಾಸ್ತಿ ಇದ್ರೆ ಆಗ್ಲೂ ಅಷ್ಟೇ.

ಇಲ್ಲಾಂದ್ರೆ ಆ ಹೊಳಪು ನಕ್ಷತ್ರದ್ದೇ ಆಗಿರಬೇಕಿಲ್ಲ. 2023ರಲ್ಲಿ ಆರು ಗ್ಯಾಲಕ್ಸಿಗಳ ಪಟ್ಟಿ ಬಂತು, ಅವುಗಳ ನಕ್ಷತ್ರಗಳ ತೂಕ ಲೆಕ್ಕಕ್ಕೆ ಮೀರಿತ್ತು, ಗಲಾಟೆ ಜೋರಾಗಿದ್ದೇ ಅದರಿಂದ. ಅದರಲ್ಲಿ ಒಂದರ ಸ್ಪೆಕ್ಟ್ರಮ್ ತೆಗೆದ್ರೆ ಅದು ಅಂದ್ಕೊಂಡಿದ್ದಕ್ಕಿಂತ ಈಚಿನದು, ಒಳಗೆ ಕಪ್ಪುಕುಳಿ ಉರೀತಿದೆ ಅಂತ ಗೊತ್ತಾಯ್ತು. ಈಗ ಇಂಥವಕ್ಕೆ "ಪುಟ್ಟ ಕೆಂಪು ಚುಕ್ಕೆಗಳು" ಅಂತಾನೇ ಹೆಸರು. ವಿಶ್ವಕ್ಕೆ 60 ಕೋಟಿ ವರ್ಷ ಆದಾಗ ಗುಂಪು ಗುಂಪಾಗಿ ಕಾಣಿಸ್ಕೊಂಡು 150 ಕೋಟಿ ಆಗೋಷ್ಟರಲ್ಲಿ ಬೇಗ ಬೇಗ ಕಮ್ಮಿ ಆಗ್ತವೆ. ಸ್ಪೆಕ್ಟ್ರಮ್ ಇರೋ ಬಹಳಷ್ಟರಲ್ಲಿ ಅನಿಲ ಸೆಕೆಂಡಿಗೆ 1000 ಕಿಲೋಮೀಟರ್ ಲೆಕ್ಕದಲ್ಲಿ ಸುತ್ತುತ್ತಾ ಇದೆ, ಅದು ಕಪ್ಪುಕುಳಿಯ ಗುರುತು, ಆದ್ರೆ ಇರಬೇಕಾದ ಎಕ್ಸ್‌ರೇ ಮಾತ್ರ ಹೆಚ್ಚಿನವುಗಳಲ್ಲಿ ಕಾಣ್ತಿಲ್ಲ. ದಟ್ಟ ಅನಿಲದ ಕಂಬಳಿ ಹೊದ್ದ ಕಪ್ಪುಕುಳಿ, ಹೊರಗಿಂದ ದೊಡ್ಡ ನಕ್ಷತ್ರದ ಥರ ಕಾಣುತ್ತೆ ಅಂತ ಒಂದು ವಾದ ಇದೆ, ನಂಗೆ ಸದ್ಯಕ್ಕೆ ಅದೇ ಸರಿ ಅನ್ಸುತ್ತೆ.

ಹಾಗಂತ ಎಲ್ಲಾದಕ್ಕೂ ಕಪ್ಪುಕುಳಿ ಕಾರಣ ಅನ್ನೋಕೂ ಆಗಲ್ಲ. ಸ್ವಾತಿಮಳೆ ಹೇಳಿದ ಜೇಡ್ಸ್ ಗ್ಯಾಲಕ್ಸಿ 1600 ಜ್ಯೋತಿರ್ವರ್ಷಕ್ಕಿಂತ ಅಗಲ ಇದೆ, ಕಪ್ಪುಕುಳಿ ಆಗಿದ್ರೆ ಬಿಂದುವಾಗಿ ಕಾಣ್ಬೇಕಿತ್ತು. ಅಲ್ಲಿ ನಿಜವಾಗ್ಲೂ ನಕ್ಷತ್ರಗಳೇ ತುಂಬಿವೆ. ಹಾಗಾಗಿ ಒಂದೊಂದನ್ನೂ ಬೇರೆ ಬೇರೆಯಾಗೇ ನೋಡ್ಬೇಕು.

ಸ್ವಾತಿಮಳೆ:
@ರೋಹಿಣಿಶಕಟ ಹೌದು ಮೇಡಂ. ಮಾಮ್-ಝಡ್14 ಮಾತ್ರ ತುಂಬಾ ಚಿಕ್ಕದು, ಜೊತೆಗೆ ಅದರಲ್ಲಿ ನೈಟ್ರೋಜನ್ ವಿಪರೀತ. ನಮ್ಮ ಕ್ಷೀರಪಥದ ಸುತ್ತ ಇರೋ ಗೋಳಾಕಾರದ ಹಳೇ ನಕ್ಷತ್ರಗುಚ್ಛಗಳಲ್ಲೂ ನೈಟ್ರೋಜನ್ ಜಾಸ್ತಿ ಇರೋ ನಕ್ಷತ್ರಗಳಿವೆ. ಅವು ಹುಟ್ಟಿದ್ದೂ ಇಂಥ ಇಕ್ಕಟ್ಟಿನ ಜಾಗದಲ್ಲೇ ಇರಬಹುದು ಅನ್ನೋ ಯೋಚನೆ ನಂಗೆ ತುಂಬಾ ಇಷ್ಟ.

ಧ್ರುವನೋಟ:
@ಕತ್ತಲೆಕೋಣೆ ಸರ್, ಸಾಧ್ಯ ಆದ್ರೆ ಒಂದು ಸ್ಪೆಕ್ಟ್ರಮ್ ನೀವೇ ತೆಗೆದು ನೋಡಿ. ವೆಬ್ ಡೇಟಾ ಮಾಸ್ಟ್ ಅನ್ನೋ ಆರ್ಕೈವ್‌ನಲ್ಲಿ ಇರುತ್ತೆ, ಡಾನ್ ಆರ್ಕೈವ್‌ನಲ್ಲಿ ಸಂಸ್ಕರಿಸಿಟ್ಟಿದ್ದೂ ಸಿಗುತ್ತೆ, ದುಡ್ಡು ಕೊಡಬೇಕಿಲ್ಲ. ಜೇಡ್ಸ್-ಜಿಎಸ್-ಝಡ್14-0 ಹುಡುಕಿ. ಬೂದು ಬಣ್ಣದ ಅಡ್ಡ ಪಟ್ಟಿ ಬರುತ್ತೆ, ಎಡಗಡೆ ಬರೀ ಮರಳು ಚೆಲ್ಲಿದ ಹಾಗೆ ಕಾಳು ಕಾಳು, 1.85 ಮೈಕ್ರಾನ್ ದಾಟ್ತಿದ್ದ ಹಾಗೆ ನಡುವೆ ಒಂದು ಸಣ್ಣ ಬಿಳಿ ಗೆರೆ ಶುರುವಾಗಿ ಬಲಕ್ಕೆ ಹೋಗ್ತಾ ಮಂಕಾಗುತ್ತೆ.

ಕತ್ತಲೆಕೋಣೆ:
ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಒಂದೊಂದನ್ನೂ ಎರಡೆರಡು ಸಲ ಓದ್ದೆ. ರಾತ್ರಿ ಕೂತು ಆ ಪಟ್ಟಿ ತೆಗೆದೆ, ನೀವು ಹೇಳಿದ ಜಾಗದಲ್ಲೇ ಗೆರೆ ಶುರುವಾಯ್ತು, ಸ್ವಲ್ಪ ಹೊತ್ತು ಸುಮ್ನೆ ನೋಡ್ತಾ ಕೂತ್ಬಿಟ್ಟೆ. ಎರಡು ಡೌಟು. ಬಿಳಿ ಗೆರೆಯ ಮೇಲೊಂದು ಕೆಳಗೊಂದು ಕಪ್ಪು ನೆರಳಿನ ಥರ ಗೆರೆ ಇದೆ, ಅದೇನು? ಇನ್ನೊಂದು ಫೈಲ್‌ನಲ್ಲಿ ಎಡಗಡೆ ಖಾಲಿ ಜಾಗದಲ್ಲಿ ಒಂದು ಚುಕ್ಕೆ ಸಿಕ್ಕಾಪಟ್ಟೆ ಹೊಳೀತಿತ್ತು, ಅದೂ ಗ್ಯಾಲಕ್ಸಿಯ ಬೆಳಕೇನಾ?

ಧ್ರುವನೋಟ:
ಆ ಕಪ್ಪು ಗೆರೆಗಳು ಹಿನ್ನೆಲೆ ಕಳೆಯುವಾಗ ಆಗೋವು. ಗ್ಯಾಲಕ್ಸಿಯನ್ನ ಸ್ವಲ್ಪ ಮೇಲೆ, ನಡುವೆ, ಸ್ವಲ್ಪ ಕೆಳಗೆ ಇಟ್ಟು ಮೂರು ಸಲ ತೆಗೀತಾರೆ, ಒಂದರಿಂದ ಇನ್ನೊಂದನ್ನ ಕಳೆದಾಗ ಗ್ಯಾಲಕ್ಸಿಯ ನೆಗೆಟಿವ್ ಎರಡೂ ಕಡೆ ಉಳಿಯುತ್ತೆ. ಅದು ಇದ್ರೆ ನಡುವಿನ ಬಿಳಿ ಗೆರೆ ನಿಜವಾದ ಬೆಳಕು ಅನ್ನೋದಕ್ಕೆ ಒಳ್ಳೇ ಗುರುತು. ಖಾಲಿ ಜಾಗದ ಹೊಳೆಯೋ ಚುಕ್ಕೆಗೆ ಆ ಥರ ಮೇಲೆ ಕೆಳಗೆ ಜೋಡಿ ನೆರಳು ಇದ್ಯಾ ನೋಡಿ. ಇಲ್ಲ ಅಂದ್ರೆ ಬಹುಶಃ ಕಾಸ್ಮಿಕ್ ಕಿರಣ, ಅಂದ್ರೆ ಬಾಹ್ಯಾಕಾಶದಿಂದ ಬರೋ ವೇಗದ ಕಣ, ಡಿಟೆಕ್ಟರ್‌ಗೆ ಬಡಿದಿರೋದು, ಮೂರರಲ್ಲಿ ಒಂದೇ ಎಕ್ಸ್‌ಪೋಶರ್‌ನಲ್ಲಿ ಇರುತ್ತೆ. ಬಿಡಿ ಎಕ್ಸ್‌ಪೋಶರ್‌ಗಳನ್ನ ಮಾಸ್ಟ್‌ನಲ್ಲಿ ತೆಗೆದು ಅದೇ ಪಿಕ್ಸೆಲ್ ನೋಡಿ, ಏನು ಸಿಕ್ತು ಅಂತ ಇಲ್ಲೇ ಹಾಕಿ.