78 ಎಂಬಿ ಫೋಲ್ಡರ್ ಪೆನ್ ಡ್ರೈವಿನಲ್ಲಿ ಐದು ಜಿಬಿ ತಿನ್ನುತ್ತಿದೆ, ಯಾಕೆ?

ಪದಕೋಶದ ಕೆಲಸಕ್ಕೆ ಪದಕ್ಕೊಂದರಂತೆ 40,000 ಟೆಕ್ಸ್ಟ್ ಫೈಲ್ ಮಾಡಿಟ್ಟಿದ್ದೇವೆ. ಒಂದೊಂದೂ ಹೆಚ್ಚುಕಮ್ಮಿ 2 ಕೆಬಿ. ವಿಂಡೋಸ್‌ನಲ್ಲಿ ಸೈಜ್ 78 ಎಂಬಿ ಅಂತ ತೋರಿಸುತ್ತದೆ. 64 ಜಿಬಿ ಪೆನ್ ಡ್ರೈವಿಗೆ ಹಾಕಿದರೆ ಐದು ಜಿಬಿ ಹತ್ತಿರ ಜಾಗ ಹೋಗಿದೆ. ವೈರಸ್ ಇರಬಹುದಾ? ಅನುಭವ ಇದ್ದವರು ಹೇಳಿ.

▪ ವೈರಸ್ ಅಲ್ಲ ಮೇಡಂ. ಪ್ರಾಪರ್ಟೀಸ್‌ನಲ್ಲಿ ಸೈಜ್ ಕೆಳಗೇ ‘ಸೈಜ್ ಆನ್ ಡಿಸ್ಕ್’ ಅಂತ ಇನ್ನೊಂದು ಸಾಲಿದೆ, ಅದನ್ನು ನೋಡಿ. ಡ್ರೈವ್ ಜಾಗವನ್ನು ಬೈಟ್ ಲೆಕ್ಕದಲ್ಲಿ ಕೊಡುವುದಿಲ್ಲ, ಕ್ಲಸ್ಟರ್ (ಒಂದೇ ಅಳತೆಯ ಜಾಗದ ತುಂಡು) ಲೆಕ್ಕದಲ್ಲಿ ಕೊಡುತ್ತದೆ. ಲಾಡ್ಜ್‌ನಲ್ಲಿ ಒಬ್ಬರೇ ಮಲಗಿದರೂ ಪೂರ್ತಿ ರೂಮಿನ ಬಾಡಿಗೆ ಅಲ್ವಾ, ಹಾಗೆ. ವಿಂಡೋಸ್ ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ ಎನ್‌ಟಿಎಫ್‌ಎಸ್, ಅದರಲ್ಲಿ ಕ್ಲಸ್ಟರ್ ಸಾಮಾನ್ಯವಾಗಿ 4 ಕೆಬಿ. 32 ಜಿಬಿಗಿಂತ ದೊಡ್ಡ ಪೆನ್ ಡ್ರೈವನ್ನು ವಿಂಡೋಸ್‌ನಲ್ಲಿ ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಪದ್ಧತಿಗೆ ಫಾರ್ಮ್ಯಾಟ್ ಮಾಡಿದರೆ, ನೀವು ಬೇರೆ ಹೇಳದಿದ್ದರೆ 128 ಕೆಬಿ. ನಿಮ್ಮ 2 ಕೆಬಿ ಫೈಲಿಗೂ ಅಷ್ಟೇ ಜಾಗ. 40,000 ಸಲ 128 ಕೆಬಿ ಅಂದರೆ 4.88 ಜಿಬಿ. ಲೆಕ್ಕ ಸರಿಯಾಗಿದೆ.

ಸುಲಭದ ದಾರಿ: ಎಲ್ಲ ಸೇರಿಸಿ ಒಂದೇ ಜಿಪ್ ಮಾಡಿ ಹಾಕಿ. ಕಾಪಿಯೂ ಬೇಗ ಮುಗಿಯುತ್ತದೆ. ಬಿಡಿಬಿಡಿಯಾಗಿಯೇ ಬೇಕಿದ್ದರೆ ಫಾರ್ಮ್ಯಾಟ್ ಮಾಡುವಾಗ ‘ಅಲೊಕೇಶನ್ ಯೂನಿಟ್ ಸೈಜ್’ (ಅಂದರೆ ಕ್ಲಸ್ಟರ್ ಅಳತೆ) 4 ಕೆಬಿ ಆರಿಸಿ. ಆಗ 156 ಎಂಬಿಯಲ್ಲಿ ಮುಗಿಯುತ್ತದೆ. ಫಾರ್ಮ್ಯಾಟ್‌ಗೆ ಮೊದಲು ಡ್ರೈವಿನಲ್ಲಿರುವುದನ್ನೆಲ್ಲ ಬೇರೆ ಕಡೆ ಇಟ್ಟುಕೊಳ್ಳಿ, ಎಲ್ಲ ಅಳಿಸಿಹೋಗುತ್ತದೆ.

▪ ಉಲ್ಟಾನೂ ಆಗುತ್ತೆ. ಎನ್‌ಟಿಎಫ್‌ಎಸ್‌ನಲ್ಲಿ ನಾಲ್ಕೈದು ನೂರು ಬೈಟಿನ ಫೈಲ್ ಮಾಡಿ ನೋಡಿ, ಡಿಸ್ಕ್ ಮೇಲೆ 0 ಬೈಟ್ ಅಂತ ಬರಬಹುದು. ಅಷ್ಟು ಚಿಕ್ಕದನ್ನು ಫೈಲ್ ಪಟ್ಟಿಯೊಳಗೇ ಬರೆದುಬಿಡುತ್ತದೆ. ಒನ್‌ಡ್ರೈವ್‌ನಿಂದ ಇನ್ನೂ ಇಳಿಸಿಕೊಳ್ಳದ ದೊಡ್ಡ ವಿಡಿಯೋಗೂ 0 ತೋರಿಸುತ್ತೆ. ಅದನ್ನು ಬ್ಯಾಕಪ್ ಅಂದುಕೊಂಡು ಸುಮ್ನೆ ಕೂರಬೇಡಿ.

▪ ಲಿನಕ್ಸ್‌ನವರಿಗೆ: ‘ಎಲ್‌ಎಸ್’ ಹೇಳುವುದು ಫೈಲಿನ ಅಳತೆ, ‘ಡಿಯು’ ಹೇಳುವುದು ಹಿಡಿದ ಜಾಗ. ಇಡೀ ಡಿಸ್ಕಿನ ಲೆಕ್ಕ ಕೊಡುವ ‘ಡಿಎಫ್’ ಮಾತ್ರ ಡಿಸ್ಕ್ ತುಂಬಿದೆ ಅಂತಿದ್ದು ‘ಡಿಯು’ದಲ್ಲಿ ಏನೂ ಸಿಗದಿದ್ದರೆ, ಅಳಿಸಿದ ಲಾಗ್ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿದೆಯಾ ನೋಡಿ. ಆಫೀಸಿನ ಸರ್ವರಿನಲ್ಲಿ ನಮಗೆ ಜಾಸ್ತಿ ಸಿಕ್ಕಿದ್ದು ಇದೇ. ಆ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದರೆ ಜಾಗ ವಾಪಸ್.

▪ 1 ಟಿಬಿ ಡಿಸ್ಕ್ 931 ಜಿಬಿ ತೋರಿಸುವುದು ಬೇರೆ ವಿಷಯ, ಇದಕ್ಕೆ ಸೇರಿಸಬೇಡಿ. ಅದು ಡಿಸ್ಕ್ ಕಂಪನಿ 1000ರಂತೆ, ವಿಂಡೋಸ್ 1024ರಂತೆ ಎಣಿಸುವುದರ ವ್ಯತ್ಯಾಸ.

▪ ಪ್ರಶ್ನೆ ಕೇಳಿದವಳು ನಾನೇ. ಸೈಜ್ ಆನ್ ಡಿಸ್ಕ್ 4.88 ಜಿಬಿಯೇ ಇದೆ. ಇವತ್ತೇ ಜಿಪ್ ಮಾಡುತ್ತೇನೆ.