ಪ್ರಾಚೀನ ಈಜಿಪ್ಟಿನ ಜನಜೀವನ: ಪುರಾತತ್ವಜ್ಞೆಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕ: ಈ ವಾರದ ಅತಿಥಿ ಹಳೆಯ ಎಲುಬು, ಹಲ್ಲು, ಶವಗಳನ್ನು ಪರೀಕ್ಷಿಸಿ ಆ ಕಾಲದವರ ಊಟ, ದುಡಿಮೆ, ಕಾಯಿಲೆಗಳನ್ನು ಅಧ್ಯಯನ ಮಾಡುವ ಪುರಾತತ್ವಜ್ಞೆ. ವಿಷಯ ಪ್ರಾಚೀನ ಈಜಿಪ್ಟ್. ಮೇಲಿನ ಉತ್ತರಗಳನ್ನು ಓದಿದ ಮೇಲೆ ಪ್ರಶ್ನೆ ಕೇಳಿ.

ನೇಸರು: ನಮಸ್ಕಾರ ಮೇಡಂ. ಗುಲಾಮರನ್ನು ಚಾವಟಿಯಿಂದ ಹೊಡೆದು ಪಿರಮಿಡ್ಡುಗಳನ್ನು ಕಟ್ಟಿಸಿದರು ಎಂದು ಕೇಳಿದ್ದೇವೆ. ನಿಜವೇ?

ಪುರಾತತ್ವಜ್ಞೆ: ನಮಸ್ಕಾರ. ಸಿಕ್ಕಿರುವ ಸಾಕ್ಷ್ಯ ಹಾಗೆ ಹೇಳುವುದಿಲ್ಲ. ದೊಡ್ಡ ಪಿರಮಿಡ್ಡುಗಳಿರುವ ಗೀಜಾದಲ್ಲಿ 1990ರಲ್ಲಿ ಕುದುರೆಯೊಂದು ಮರಳಿನಡಿಯ ಗೋಡೆಗೆ ಎಡವಿತು. ಅಲ್ಲಿ ಅಗೆದಾಗ ಪಿರಮಿಡ್ ಕಟ್ಟಿದವರ ಸಮಾಧಿಗಳೇ ಸಿಕ್ಕವು. ಗುಲಾಮರಾಗಿದ್ದರೆ ರಾಜನ ಸಮಾಧಿಯ ನೆರಳಿನಲ್ಲಿ ಅವರಿಗೆ ಜಾಗ ಸಿಗುತ್ತಿರಲಿಲ್ಲ. ಅವರ ಬೆನ್ನುಮೂಳೆ, ಮಂಡಿಗಳು ಸವೆದುಹೋಗಿವೆ. ಮುರಿದ ಕೈಗಳು ಮಾತ್ರ ನೇರವಾಗಿ ಕೂಡಿಕೊಂಡಿವೆ, ಅಂದರೆ ಯಾರೋ ಪಟ್ಟಿ ಕಟ್ಟಿ ಆರೈಕೆ ಮಾಡಿದ್ದಾರೆ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬಲ್ಲಿ ಮೆರೆರ್ ಎಂಬ ಅಧಿಕಾರಿಯ ದಿನಚರಿ ಸಿಕ್ಕಿತು. ತನ್ನ ತಂಡ ತೂರಾದ ಗಣಿಯಿಂದ ಸುಣ್ಣದ ಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿದ್ದನ್ನು ಅವನು ದಿನದಿನವೂ ಬರೆದಿಟ್ಟಿದ್ದಾನೆ. ಹಾಗೆಂದು ಎಲ್ಲರೂ ಮನಸಾರೆ ಬಂದವರೆಂದು ತಿಳಿಯಬೇಡಿ. ರಾಜ್ಯಕ್ಕೆ ಸರದಿಯಂತೆ ಬಿಟ್ಟಿ ದುಡಿಮೆ ಸಲ್ಲಿಸಬೇಕಾಗಿತ್ತು. ಊಟ ಮಾತ್ರ ರಾಜ್ಯದ್ದು.

ಹಂಪಿಹುಡುಗ: ಅನ್ಯಗ್ರಹದವರು ಕಟ್ಟಿದರು ಎನ್ನುತ್ತಾರಲ್ಲ?

ಪುರಾತತ್ವಜ್ಞೆ: ಇಲ್ಲ.

ಗೋಧೂಳಿ: ಪಿರಮಿಡ್ ಆಕಾರದ ಡಬ್ಬಿಯಲ್ಲಿಟ್ಟರೆ ಹಾಲು ಕೆಡುವುದಿಲ್ಲವಂತೆ. ಶವಗಳು ಉಳಿದದ್ದೂ ಆ ಆಕಾರದ ಶಕ್ತಿಯಿಂದಲೇ ಅಲ್ಲವೇ?

ಪುರಾತತ್ವಜ್ಞೆ: ಅಲ್ಲ. ಶವ ಉಳಿದದ್ದು ನ್ಯಾಟ್ರನ್ ಎಂಬ ಉಪ್ಪಿನಿಂದ. ಒಳಗಿನ ಅಂಗಗಳನ್ನು ತೆಗೆದು, ಸುಮಾರು 40 ದಿನ ಆ ಉಪ್ಪಿನಲ್ಲಿ ಒಣಗಿಸಿ, ಬಟ್ಟೆ ಸುತ್ತುತ್ತಿದ್ದರು. ಒಟ್ಟು ವಿಧಿಗೆ 70 ದಿನ. ಆಕಾರಕ್ಕೆ ಇದರಲ್ಲಿ ಪಾತ್ರವಿಲ್ಲ. ಹಾಲನ್ನು ಫ್ರಿಜ್‌ನಲ್ಲಿಡಿ.

ಪುಟ್ಟಿಯ ಅಮ್ಮ: ಮೇಡಂ, ನಮ್ಮ ಕುಟುಂಬದ ಗುಂಪಿನಲ್ಲಿ ಒಂದು ಸಂದೇಶ ಬಂದಿದೆ. ಈಜಿಪ್ಟಿನ ರಾಣಿಯರು ಹಚ್ಚುತ್ತಿದ್ದ ಕಪ್ಪು ಕಲ್ಲಿನ ಕಾಡಿಗೆ ಕಣ್ಣುಬೇನೆ ಬಾರದಂತೆ ತಡೆಯುತ್ತದೆ, ಫ್ರಾನ್ಸಿನ ವಿಜ್ಞಾನಿಗಳೂ ಒಪ್ಪಿದ್ದಾರೆ ಎಂದಿದೆ. ಸಂಬಂಧಿಕರೊಬ್ಬರು ಹೊರದೇಶದಿಂದ ಅಂಥದೇ ಸುರುಮದ ಕಲ್ಲು ತಂದುಕೊಟ್ಟರು. ಅತ್ತೆಯವರು ಅದನ್ನು ತೇಯ್ದು ಎಂಟು ತಿಂಗಳ ಮಗುವಿಗೆ ದಿನವೂ ಹಚ್ಚುತ್ತಿದ್ದಾರೆ. ಎರಡು ತಿಂಗಳಾಯಿತು. ಮಗು ಸರಿಯಾಗಿ ಹಾಲು ಕುಡಿಯುತ್ತಿಲ್ಲ, ಮಲಬದ್ಧತೆಯೂ ಇದೆ. ಇದಕ್ಕೂ ಅದಕ್ಕೂ ಸಂಬಂಧ ಇರಲಾರದು. ಎಷ್ಟು ಹೊತ್ತಿಗೆ ಹಚ್ಚಿದರೆ ಒಳ್ಳೆಯದು ಎಂಬುದಷ್ಟೇ ನನ್ನ ಪ್ರಶ್ನೆ.

ಪುರಾತತ್ವಜ್ಞೆ: ಉಳಿದವರು ದಯವಿಟ್ಟು ಕಾಯಿರಿ.

ಅಮ್ಮಾ, ಇವತ್ತಿನಿಂದಲೇ ಹಚ್ಚುವುದನ್ನು ನಿಲ್ಲಿಸಿ. ಮುಖ, ರೆಪ್ಪೆ, ಕೈಬೆರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ತೇಯುವ ಕಲ್ಲು, ಬಟ್ಟಲುಗಳನ್ನು ಅಡುಗೆಮನೆಯಿಂದ ಹೊರಗಿಡಿ. ನಾಳೆ ಬೆಳಿಗ್ಗೆಯೇ ಮಕ್ಕಳ ವೈದ್ಯರನ್ನು ಕಂಡು, ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷಿಸಬೇಕು ಎಂದು ನೀವೇ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅವರಿಗೆ ಹೊಳೆಯದೆ ಇರಬಹುದು. ಹಾಲು ಬೇಡವೆನ್ನುವುದು, ಮಲಬದ್ಧತೆ, ಕಿರಿಕಿರಿ ಇವೆಲ್ಲಕ್ಕೂ ಬೇರೆ ಕಾರಣಗಳಿರಬಹುದು, ಆದರೆ ಸೀಸದ ವಿಷದಲ್ಲೂ ಇವೇ ಕಾಣುತ್ತವೆ. ಎಷ್ಟೋ ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣದೆ ಮಿದುಳಿಗೆ ಹಾನಿಯಾಗುತ್ತದೆ. ಸೀಸಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈಜಿಪ್ಟಿನವರು ಹಚ್ಚುತ್ತಿದ್ದ ಕಪ್ಪು ಮುಖ್ಯವಾಗಿ ಗಲೀನಾ ಎಂಬ ಅದಿರು. ಅದು ಸೀಸ ಮತ್ತು ಗಂಧಕದ ಸಂಯುಕ್ತ. ಸುರುಮ ಎಂದು ಮಾರುವ ಕಲ್ಲು ಬಹಳ ಸಲ ಇದೇ ಆಗಿರುತ್ತದೆ. ಗಾತ್ರಕ್ಕೆ ಮೀರಿದ ಭಾರವಿದ್ದು, ಒಡೆದಾಗ ಬೆಳ್ಳಿಯಂತೆ ಹೊಳೆದರೆ ಅನುಮಾನ ಇನ್ನೂ ಹೆಚ್ಚು. ಕಣ್ಣಿಗೆ ಹಚ್ಚಿದ್ದು ಕಣ್ಣಲ್ಲೇ ಉಳಿಯುವುದಿಲ್ಲ. ಕಣ್ಣೀರಿನ ನಾಳದಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಇಳಿಯುತ್ತದೆ. ಮಗು ಕಣ್ಣುಜ್ಜಿಕೊಂಡು ಅದೇ ಬೆರಳನ್ನು ಬಾಯಿಗಿಡುತ್ತದೆ. ನುಂಗಿದ ಸೀಸವನ್ನು ಹಸುಗೂಸಿನ ದೇಹ ದೊಡ್ಡವರಿಗಿಂತ ಬಹಳ ಹೆಚ್ಚು ಹೀರಿಕೊಳ್ಳುತ್ತದೆ.

ಫ್ರಾನ್ಸಿನ ಅಧ್ಯಯನ 2010ರದು. ಹಳೆಯ ಪ್ರಸಾಧನ ಡಬ್ಬಿಗಳ ಪುಡಿಯಲ್ಲಿ ಈಜಿಪ್ಟಿನವರು ತಾವೇ ತಯಾರಿಸಿದ ಸೀಸದ ಲವಣಗಳಿದ್ದವು. ಅತ್ಯಲ್ಪ ಪ್ರಮಾಣದಲ್ಲಿ ಅವು ಪ್ರಯೋಗಾಲಯದ ಚರ್ಮದ ಜೀವಕೋಶಗಳಲ್ಲಿ ಪ್ರತಿರೋಧದ ಪ್ರತಿಕ್ರಿಯೆಯನ್ನು ಹುಟ್ಟಿಸಿದವು. ಅಷ್ಟೇ. ಮಕ್ಕಳಿಗೆ ಹಚ್ಚಿ ನೋಡಿದ ಪ್ರಯೋಗವಲ್ಲ. ಆ ಕಾಡಿಗೆಯಿಂದ ಕಣ್ಣುಬೇನೆ ದೂರವಾಗಿದ್ದರೆ, ಕ್ರಿ.ಪೂ. 1550ರ ಸುಮಾರಿನ ಎಬರ್ಸ್ ವೈದ್ಯಸುರುಳಿಯಲ್ಲಿ ಕಣ್ಣಿಗೇ ಅಷ್ಟೊಂದು ಮದ್ದುಗಳನ್ನು ಬರೆಯುವ ಅಗತ್ಯ ಏನಿತ್ತು? ಸಮಾಧಿಗಳ ಗೋಡೆಗಳ ಮೇಲೆ ಕುರುಡ ವಾದ್ಯಗಾರರ ಚಿತ್ರ ಏಕಿದೆ?

ಹೋದ ಮೇಲೆ ಇಲ್ಲಿಗೆ ಬಂದು ತಿಳಿಸಿ.

ಬೆಳಕು: ನಮ್ಮ ಅಜ್ಜಿ ನಮಗೆಲ್ಲ ಕಾಡಿಗೆ ಹಚ್ಚಿಯೇ ಬೆಳೆಸಿದರು. ಯಾರಿಗೂ ಏನೂ ಆಗಲಿಲ್ಲ. ಸುಮ್ಮನೆ ಹೆದರಿಸಬೇಡಿ.

ಪುರಾತತ್ವಜ್ಞೆ: ನಿಮ್ಮ ಅಜ್ಜಿ ಹಚ್ಚಿದ್ದು ಎಣ್ಣೆದೀಪದ ಮಸಿ ಇರಬಹುದು. ಇದು ಸೀಸದ ಅದಿರು. ಮಸಿಯನ್ನೂ ಮಗುವಿನ ಕಣ್ಣೊಳಗೆ ಹಚ್ಚಬೇಡಿ ಎಂದೇ ವೈದ್ಯರು ಹೇಳುತ್ತಾರೆ. ನಾನು ಹೆದರಿಸುತ್ತಿರುವುದು ನಿಜ, ಹೆದರಬೇಕಾದ ವಿಷಯವೇ ಇದು.

ಕಲ್ಪವೃಕ್ಷ: ಈಜಿಪ್ಟಿನ ರಾಜ ಟುಟಾಂಖಾಮುನ್‌ನ ಶಾಪದಿಂದ ಸಮಾಧಿ ತೆರೆದವರೆಲ್ಲ ಸತ್ತರಂತೆ?

ಪುರಾತತ್ವಜ್ಞೆ: ಸಮಾಧಿಯನ್ನು 1922ರಲ್ಲಿ ಕಂಡುಹಿಡಿದ ಹೋವರ್ಡ್ ಕಾರ್ಟರ್ 1939ರವರೆಗೆ ಬದುಕಿದ್ದರು.

ಮಲೆನಾಡಿಗ: ಈಜಿಪ್ಟಿನ ರಾಜ ಎರಡನೆಯ ರಾಮ್ಸೆಸ್‌ನ ಮೂಗಿನಲ್ಲಿ ಕರಿಮೆಣಸು ಸಿಕ್ಕಿತ್ತು ಎಂದು ಓದಿದ್ದೇನೆ. ನಮ್ಮ ಶಿರಸಿಯ ಮೆಣಸು ಈಜಿಪ್ಟಿಗೆ ಹೋಗಿತ್ತು ಎಂದಾಯಿತಲ್ಲವೇ?

ಕಡಲತೀರ: ಶಿರಸಿಯದು ಎಂದು ಯಾರು ಹೇಳಿದರು? ಮೆಣಸಿನ ವ್ಯಾಪಾರವೆಲ್ಲ ಕೇರಳದ ಬಂದರುಗಳಿಂದಲೇ ನಡೆದದ್ದು.

ಮಲೆನಾಡಿಗ: ಆಗ ಕೇರಳವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ ಸ್ವಾಮಿ. ಘಟ್ಟದ ಮೇಲೆಲ್ಲ ಬೆಳೆಯುವ ಬಳ್ಳಿ ಅದು.

ಕಡಲತೀರ: ಹಾಗಿದ್ದರೆ ‘ನಮ್ಮ ಶಿರಸಿ’ ಎಂದು ಬರೆದವರು ಯಾರು?

ಹಂಪಿಹುಡುಗ: ಮೆಣಸೇಕೆ, ಈಜಿಪ್ಟಿನಲ್ಲಿ ಕನ್ನಡ ನಾಟಕವೇ ಸಿಕ್ಕಿದೆ. ಫೇರೋಗಳ ಕಾಲದಲ್ಲೇ ಅಲ್ಲಿ ಕನ್ನಡ ಇತ್ತು.

ಪುರಾತತ್ವಜ್ಞೆ: ಎರಡನ್ನೂ ಬೆರೆಸಬೇಡಿ. ಕ್ರಿ.ಪೂ. 1213ರಲ್ಲಿ ಸತ್ತ ರಾಮ್ಸೆಸ್‌ನ ಮೂಗಿನಲ್ಲಿ ಮೆಣಸಿನ ಕಾಳುಗಳಿದ್ದದ್ದು ನಿಜ. ಅದು ದಕ್ಷಿಣ ಭಾರತದ ಬೆಳೆ ಎಂಬುದೂ ನಿಜ. ಯಾವ ಊರಿನದೆಂದು ಕಾಳು ಹೇಳುವುದಿಲ್ಲ. ನೀವು ಹೇಳುವ ನಾಟಕ ಈಜಿಪ್ಟಿನ ಹಳೆಯ ಊರಾದ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನ. ಅದು ಕ್ರಿ.ಶ. 2ನೆಯ ಶತಮಾನದ್ದು. ಅಷ್ಟು ಹೊತ್ತಿಗೆ ಫೇರೋಗಳ ಕಾಲ ಮುಗಿದು ಈಜಿಪ್ಟ್ ರೋಮಿನ ಕೈಗೆ ಬಂದಿತ್ತು. ಕಥೆ ಭಾರತದ ಕರಾವಳಿಯಲ್ಲಿ ನಡೆಯುತ್ತದೆ. ಅದರಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವಿರಬಹುದು ಎಂದು 1904ರಲ್ಲಿ ಹುಲ್ಟ್‌ಶ್ ಎಂಬ ವಿದ್ವಾಂಸರು ಸೂಚಿಸಿದರು. ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ.

ಹಂಪಿಹುಡುಗ: ಕನ್ನಡದ ಹೆಮ್ಮೆಯನ್ನು ಕನ್ನಡಿಗರೇ ಅಲ್ಲಗಳೆದರೆ ಏನು ಹೇಳುವುದು!

ಕಡಲತೀರ: ಅಲ್ಲಗಳೆದದ್ದೆಲ್ಲಿ? ಓದಲು ಬರುತ್ತದೆಯೋ ಇಲ್ಲವೋ ನಿಮಗೆ?

ನಿರ್ವಾಹಕ: ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಸಂಪಿಗೆ: ಅಲ್ಲಿ ಬೆಕ್ಕುಗಳನ್ನು ದೇವರೆಂದು ಪೂಜಿಸುತ್ತಿದ್ದರೇ?

ತುಂಗಾತೀರ: ಮೇಡಂ, ನನ್ನ ತಾಯಿಗೆ ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣಾಗಿದೆ. 3,500 ವರ್ಷ ಹಳೆಯ ಈಜಿಪ್ಟ್ ವಿಧಾನ ಎಂದು ಜೇನುತುಪ್ಪ, ಕೊಬ್ಬು ಸೇರಿಸಿ ಬಟ್ಟೆ ಕಟ್ಟಲು ಸಂದೇಶ ಬಂದಿದೆ. ಕಟ್ಟಬಹುದೇ?

ಪುರಾತತ್ವಜ್ಞೆ: ಕಟ್ಟಬೇಡಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಕ್ಕರೆ ಕಾಯಿಲೆಯ ಪಾದದ ಹುಣ್ಣನ್ನು ಕಡೆಗಣಿಸಿದರೆ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ. ಇವತ್ತಿನ ವೈದ್ಯರು ಗಾಯಕ್ಕೆ ಬಳಸುವ ಜೇನು ರೋಗಾಣುಮುಕ್ತಗೊಳಿಸಿದ್ದು. ಅಡುಗೆಮನೆಯ ಸೀಸೆಯದಲ್ಲ.

ಇಂಥ ಸಂದೇಶ ಕಳುಹಿಸುವವರಿಗೆ ಒಂದು ಮಾತು. ಎಡ್ವಿನ್ ಸ್ಮಿತ್ ಸುರುಳಿ ಎಂಬ ಈಜಿಪ್ಟಿನ ಹಳೆಯ ವೈದ್ಯಗ್ರಂಥದಲ್ಲಿ 48 ಗಾಯಗಳ ವಿವರವಿದೆ. ಜೇನು, ಕೊಬ್ಬು, ನಾರು ಹೌದು, ಆದರೆ ಮೊದಲ ದಿನ ಗಾಯಕ್ಕೆ ಹಸಿ ಮಾಂಸ ಕಟ್ಟಬೇಕು ಎಂದೂ ಅದರಲ್ಲೇ ಇದೆ. ಆ ಸಾಲನ್ನು ಏಕೆ ಬಿಟ್ಟಿರಿ? ಮುಟ್ಟಿ, ನೋಡಿ, ಕೇಳಿ ಪರೀಕ್ಷಿಸಿದ ಮೇಲೆ ವೈದ್ಯ ಮೂರರಲ್ಲಿ ಒಂದು ತೀರ್ಮಾನ ಹೇಳಬೇಕು: ಇದಕ್ಕೆ ಚಿಕಿತ್ಸೆ ಮಾಡುತ್ತೇನೆ, ಇದರೊಡನೆ ಸೆಣಸುತ್ತೇನೆ, ಇದಕ್ಕೆ ಚಿಕಿತ್ಸೆಯಿಲ್ಲ. ರೋಗಿಯನ್ನು ಕಣ್ಣಿನಿಂದ ನೋಡದೆ ಆ ಕಾಲದ ವೈದ್ಯನೂ ಮದ್ದು ಹೇಳುತ್ತಿರಲಿಲ್ಲ.

ಬೆಳಕು: ಪೂರ್ವಿಕರ ಜ್ಞಾನವನ್ನು ಹೀಗಳೆಯುವುದೇ ನಿಮ್ಮ ವಿದ್ಯೆಯೇ?

ಪುರಾತತ್ವಜ್ಞೆ: ಅವರು ಬರೆದದ್ದನ್ನು ಪೂರ್ತಿ ಓದಿ ಅರ್ಥಮಾಡಿಕೊಳ್ಳುವುದು ನನ್ನ ವಿದ್ಯೆ. ನೀವು ಒಂದು ಸಾಲು ಓದಿದ್ದೀರಿ, ಅದೂ ಮೊಬೈಲಿನಲ್ಲಿ.

ಮಗ್ಗದಮನೆ: ನಮಸ್ಕಾರ ತಾಯಿ. ನಾನು ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತನಾದವನು. ರಾಜರ ವಿಷಯ ಬಿಡಿ. ಅಲ್ಲಿ ಕೂಲಿ ಮಾಡುವವನಿಗೆ ಏನು ಕೊಡುತ್ತಿದ್ದರು? ರಜೆ ಇತ್ತೇ? ಕೊಡದಿದ್ದರೆ ಏನು ಮಾಡುತ್ತಿದ್ದರು?

ಪುರಾತತ್ವಜ್ಞೆ: ಬಹಳ ಒಳ್ಳೆಯ ಪ್ರಶ್ನೆ ಕೇಳಿದಿರಿ ಹಿರಿಯರೇ. ಲಕ್ಸರ್‌ನ ಎದುರಿಗೆ, ನೈಲ್ ನದಿಯ ಆಚೆ ದಡದಲ್ಲಿ ದೇರ್ ಅಲ್-ಮದೀನಾ ಎಂಬ ಹಳ್ಳಿ ಇತ್ತು. ರಾಜರ ಕಣಿವೆಯಲ್ಲಿ ಸಮಾಧಿ ಕೊರೆಯುವ ಕಲ್ಲುಕುಟಿಗರು, ಚಿತ್ರಕಾರರು, ಲಿಪಿಕಾರರು ಅಲ್ಲಿ ಸಂಸಾರ ಸಮೇತ ಇದ್ದರು. ಗೋಡೆಯೊಳಗೆ ಸುಮಾರು 70 ಮನೆಗಳು. ಮರಳುಗಾಡಾದ್ದರಿಂದ ನೀರನ್ನು ಕತ್ತೆಗಳ ಮೇಲೆ ಹೊತ್ತು ತರಬೇಕಿತ್ತು. ನೀರು ಹೊರುವವರು, ಮೀನುಗಾರರು, ಬಟ್ಟೆ ಒಗೆಯುವ ಅಗಸರು ಇವರನ್ನೆಲ್ಲ ಸರ್ಕಾರವೇ ನೇಮಿಸುತ್ತಿತ್ತು.

ನಾಣ್ಯವಿಲ್ಲದ ಕಾಲ. ಸಂಬಳವೆಂದರೆ ಕಾಳು. ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ ಸುಮಾರು 300 ಲೀಟರ್ ಅಳತೆಯ ಗೋಧಿ ರೊಟ್ಟಿಗೆ, ಸುಮಾರು 115 ಲೀಟರ್ ಬಾರ್ಲಿ ಬಿಯರಿಗೆ. ಆ ಗೋಧಿ ನಮ್ಮ ಬೆಳಗಾವಿ ಕಡೆ ಕಪಲಿ ಎಂದು ಬೆಳೆಯುವ ಜಾತಿಯದೇ. ಅವರ ವಾರಕ್ಕೆ ಹತ್ತು ದಿನ, ಕೊನೆಗೆ ವಿಶ್ರಾಂತಿ, ಜೊತೆಗೆ ಹಬ್ಬದ ರಜೆಗಳು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸುಣ್ಣದ ಕಲ್ಲಿನ ಮೇಲೆ ಬರೆದ ಹಾಜರಿ ಪಟ್ಟಿಯೊಂದಿದೆ, ಎರಡನೆಯ ರಾಮ್ಸೆಸ್ ಆಳ್ವಿಕೆಯ 40ನೆಯ ವರ್ಷದ್ದು. 40 ಜನರ ಹೆಸರು, ಗೈರುಹಾಜರಿಯ ಕಾರಣಗಳು: ಚೇಳು ಕಡಿಯಿತು, ಬಿಯರ್ ತಯಾರಿಸುತ್ತಿದ್ದ, ತಾಯಿಯ ಶವಸಂಸ್ಕಾರ, ಕಣ್ಣುಬೇನೆ. ಕಣ್ಣುಬೇನೆಯನ್ನು ಕಾಡಿಗೆ ಸಂದೇಶ ಕಳುಹಿಸುವವರು ಗಮನಿಸಬೇಕು.

ಕೊಡದಿದ್ದರೆ? ಮುಷ್ಕರ ಮಾಡಿದರು. ಮೂರನೆಯ ರಾಮ್ಸೆಸ್ ಆಳ್ವಿಕೆಯ 29ನೆಯ ವರ್ಷ, ಕ್ರಿ.ಪೂ. 12ನೆಯ ಶತಮಾನದ ಮಧ್ಯಭಾಗ. ಕಾಳು ಬಂದಿರಲಿಲ್ಲ. ಉಪಕರಣ ಕೆಳಗಿಟ್ಟು, ಕಾವಲಿನ ಗೋಡೆಗಳನ್ನು ದಾಟಿ, ದೇವಾಲಯದ ಹಿಂದೆ ಹೋಗಿ ಕುಳಿತರು. ಹಸಿವು, ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿವೆ. ಬಟ್ಟೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ. ಒಡೆಯನಾದ ಫೇರೋಗೆ ಬರೆಯಿರಿ ಎಂದರು. ಇದೆಲ್ಲ ಇಟಲಿಯ ಟ್ಯೂರಿನ್‌ನಲ್ಲಿರುವ ಸುರುಳಿಯಲ್ಲಿ ದಾಖಲಾಗಿದೆ. ನಮಗೆ ತಿಳಿದಿರುವ ಮೊದಲ ಮುಷ್ಕರದ ದಾಖಲೆ ಅದು. ಅಧಿಕಾರಿಗಳು ಬಂದರು, ಆಣೆ ಇಟ್ಟರು, ಬೇಡಿಕೊಂಡರು. ಇವರು ಜಾಗ ಬಿಡಲಿಲ್ಲ. ಕೊನೆಗೆ ಬಾಕಿ ಕಾಳು ಬಂತು.

ಮಗ್ಗದಮನೆ: ಆಮೇಲೆ ಸರಿಯಾಗಿ ಬಂತೇ ತಾಯಿ?

ಪುರಾತತ್ವಜ್ಞೆ: ಇಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ನಿಂತಿತು, ಮತ್ತೆ ಹೊರನಡೆದರು. ತೋ ಎಂಬ ಮಂತ್ರಿ ಕಣಜದಲ್ಲೇ ಏನಿಲ್ಲ ಎಂದು ಅರ್ಧ ಕಾಳು ಕೊಡಿಸಿದ. ಮುಂದಿನ ತಲೆಮಾರುಗಳಲ್ಲಿ, ಒಂಬತ್ತನೆಯ ರಾಮ್ಸೆಸ್ ಹೊತ್ತಿಗೆ, ಸಮಾಧಿ ಕಳ್ಳತನದ ವಿಚಾರಣೆಗಳು ನಡೆದವು. ಸಿಕ್ಕಿಬಿದ್ದವರಲ್ಲಿ ಕಲ್ಲುಕುಟಿಗರೂ ಇದ್ದರು.

ಕಲ್ಪವೃಕ್ಷ: ಪಿರಮಿಡ್ಡನ್ನು ಗುಲಾಮರು ಕಟ್ಟಿದರೇ?

ಪುರಾತತ್ವಜ್ಞೆ: ಮೇಲಿದೆ.

ಗೃಹಲಕ್ಷ್ಮಿ: ಗರ್ಭಿಣಿಯ ಮೂತ್ರವನ್ನು ಗೋಧಿ, ಬಾರ್ಲಿಗೆ ಹಾಕಿ ಗಂಡೋ ಹೆಣ್ಣೋ ತಿಳಿಯುವ ಈಜಿಪ್ಟ್ ವಿಧಾನದ ಚಿತ್ರ ಕೆಳಗಿದೆ. ನಮ್ಮ ಸೊಸೆಗೆ ಮೂರನೆಯದು, ಮನೆಯಲ್ಲಿ ಎಲ್ಲರಿಗೂ ಕುತೂಹಲ.

ಪುರಾತತ್ವಜ್ಞೆ: ನಿರ್ವಾಹಕರು ಆ ಚಿತ್ರವನ್ನು ಈಗಲೇ ತೆಗೆಯಬೇಕು. ಆ ಪರೀಕ್ಷೆ ಬರ್ಲಿನ್ ಸುರುಳಿ ಎಂಬ ಈಜಿಪ್ಟಿನ ಹಳೆಯ ವೈದ್ಯಗ್ರಂಥದಲ್ಲಿದೆ. ಆಧುನಿಕ ಕಾಲದಲ್ಲಿ ಪ್ರಯೋಗಿಸಿ ನೋಡಿ 1963ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಗರ್ಭಿಣಿಯರ ಮೂತ್ರದಿಂದ ಕಾಳು ಮೊಳೆತದ್ದು ಸುಮಾರು 70 ಪ್ರತಿಶತ ಸಲ. ಗಂಡೋ ಹೆಣ್ಣೋ ಎಂಬುದು ಅದರಿಂದ ತಿಳಿಯಲೇ ಇಲ್ಲ. ಮೂರನೆಯದು ಎಂದು ಏಕೆ ಬರೆದಿರಿ ಎಂಬುದು ನನಗೆ ಅರ್ಥವಾಗುತ್ತದೆ. ಭ್ರೂಣಲಿಂಗ ಪತ್ತೆ ನಮ್ಮ ದೇಶದಲ್ಲಿ 1994ರ ಕಾಯ್ದೆಯಡಿ ಅಪರಾಧ. ನಿಮ್ಮ ಸೊಸೆಯನ್ನು ನೆಮ್ಮದಿಯಾಗಿರಲು ಬಿಡಿ.

ಗೃಹಲಕ್ಷ್ಮಿ: ಕೇಳಿದ್ದಕ್ಕೆ ಇಷ್ಟು ಕಟುವಾಗಿ ಮಾತನಾಡಬೇಕೇ?

ಮಲೆನಾಡಿಗ: ಮೇಡಂ ಹೇಳಿದ್ದು ಸರಿಯಾಗಿದೆ. ಕಡಿಮೆಯೇ ಹೇಳಿದರು.

ಬೆಳಕು: ಪ್ರಶ್ನೆ ಕೇಳಲು ಕರೆದು ಅವಮಾನಿಸುವ ಗುಂಪಾಗಿದೆ ಇದು.

ನಿರ್ವಾಹಕ: ಚಿತ್ರವನ್ನು ತೆಗೆದಿದ್ದೇನೆ. ಹೊಸ ಪ್ರಶ್ನೆಗಳನ್ನು ಸ್ವೀಕರಿಸುವುದಿಲ್ಲ.

ಸಂಪಿಗೆ: ಬೆಕ್ಕಿನ ಪ್ರಶ್ನೆಗೆ ಉತ್ತರ ಬರಲಿಲ್ಲ.

ನೇಸರು: ಲಕ್ಸರ್‌ಗೆ ಹೋಗಲು ಯಾವ ತಿಂಗಳು ಒಳ್ಳೆಯದು?

ಪುಟ್ಟಿಯ ಅಮ್ಮ: ಮೇಡಂ, ಅತ್ತೆಯವರು ಒಪ್ಪುತ್ತಿಲ್ಲ. ರಕ್ತ ತೆಗೆಸಿದರೆ ಮಗು ಸೊರಗುತ್ತದೆ ಎನ್ನುತ್ತಾರೆ. ನಮ್ಮವರು ಮಾತ್ರ ನಾಳೆ ರಜೆ ಹಾಕಿ ಬರುತ್ತೇನೆ ಎಂದಿದ್ದಾರೆ.

ಪುರಾತತ್ವಜ್ಞೆ: ಹೋಗಿ. ತೆಗೆಯುವುದು ಬಹಳ ಸ್ವಲ್ಪ ರಕ್ತ. ಆ ಕಲ್ಲನ್ನೂ ತೇಯ್ದ ಪುಡಿಯನ್ನೂ ಮುಚ್ಚಿದ ಡಬ್ಬಿಯಲ್ಲಿ ವೈದ್ಯರಿಗೆ ತೋರಿಸಲು ಒಯ್ಯಿರಿ. ಆ ಕಲ್ಲಿನಿಂದ ಮನೆಯಲ್ಲಿ ಬೇರೆ ಮಕ್ಕಳಿಗೂ ಹಚ್ಚಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅತ್ತೆಯವರು ಫೋನಿನಲ್ಲಿ ಮಾತನಾಡಲು ಒಪ್ಪಿದರೆ ನಿರ್ವಾಹಕರ ಬಳಿ ನನ್ನ ಸಂಖ್ಯೆ ಇದೆ, ಇವತ್ತು ರಾತ್ರಿಯೇ ಮಾತನಾಡುತ್ತೇನೆ.